ಬಕೆಟ್ಟಿನಲ್ಲಿರುವ ನಕ್ಷತ್ರ ಆಮೆ

ಕೇಳುಗರೇ, ನಮಸ್ಕಾರ.

ನಿಮ್ಮನ್ನು ಒಂದೇ ಒಂದು ಮಾತು ಕೇಳಿಕೊಳ್ಳಬೇಕು ಅಂತ ಬಂದಿದ್ದೇನೆ. ನಕ್ಷತ್ರ ಆಮೆಯನ್ನು ದುಡ್ಡು ಕೊಟ್ಟು ಮನೆಗೆ ತರಬೇಡಿ. ಯಾರಾದರೂ ಸುಮ್ನೆ ಕೊಟ್ಟರೂ ಬೇಡ ಅನ್ನಿ.

ನಕ್ಷತ್ರ ಆಮೆಯನ್ನು ನೀವು ನೋಡಿರಬಹುದು. ಕಪ್ಪು ಚಿಪ್ಪು. ಅದರ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಕಿರಣದ ಹಾಗೆ ಹರಡಿರುತ್ತವೆ. ಒಣಹುಲ್ಲಿನ ನಡುವೆ ಕೂತರೆ ಕಣ್ಣಿಗೇ ಬೀಳುವುದಿಲ್ಲ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಚುರುಕಾಗಿ ಓಡಾಡುತ್ತದೆ. ನಮ್ಮ ರಾಜ್ಯದ ಪೂರ್ವದ ಅಂಚು, ಆಂಧ್ರ, ತಮಿಳುನಾಡು, ಆಚೆ ಗುಜರಾತ್, ರಾಜಸ್ಥಾನ, ಶ್ರೀಲಂಕಾ, ಪಾಕಿಸ್ತಾನ, ಇಲ್ಲೆಲ್ಲಾ ಇರುವ ಕುರುಚಲು ಕಾಡೇ ಅದರ ಮನೆ. ಜಗತ್ತಿನಲ್ಲಿ ಬೇರೆ ಕಡೆ ತಾನಾಗಿ ಬೆಳೆಯುವುದಿಲ್ಲ.

ಪರದೇಶದವರಿಗೆ ಅದರ ಅಂದ ಬೇಕು. ನಮ್ಮವರಿಗೆ ಅದೃಷ್ಟ ಬೇಕು. ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಅಂತ ಯಾರೋ ಹೇಳುತ್ತಾರೆ, ಒಂದು ಬಕೆಟ್ಟಿಗೆ ನೀರು ಹಾಕಿ ಅದರಲ್ಲಿ ಇಡುತ್ತಾರೆ, ಅನ್ನ ಹಾಕುತ್ತಾರೆ. ಹುಲ್ಲು, ಸೊಪ್ಪು, ಉದುರಿದ ಹಣ್ಣು ತಿಂದು, ಬಿಸಿಲು ಕಾಯುವ ಪ್ರಾಣಿ ಅದು. ಬಿಸಿಲಿಲ್ಲದೆ, ಸರಿಯಾದ ಮೇವಿಲ್ಲದೆ ಅದರ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಇದರಲ್ಲಿ ಯಾರಿಗೆ ಅದೃಷ್ಟ ಬಂತು, ನೀವೇ ಹೇಳಿ.

ಈಗ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. 2018ರ ನವೆಂಬರ್ ತಿಂಗಳು. ಸಿಂಗಪುರದಿಂದ ಬೆಂಗಳೂರಿಗೆ ಬಂದ ಒಂದು ವಿಮಾನದಲ್ಲಿ 51 ನಕ್ಷತ್ರ ಆಮೆಗಳಿದ್ದವು. ಎಲ್ಲವೂ ಸಿಂಗಪುರದಲ್ಲಿ ಕಳ್ಳ ವ್ಯಾಪಾರದಿಂದ ಬಿಡಿಸಿಕೊಂಡವು. ಅಲ್ಲಿ ಇವನ್ನು ಸಾಕುವುದೇ ಅಪರಾಧ. ಅಲ್ಲಿನ ಏಕ್ರೆಸ್ ಅನ್ನುವ ಪ್ರಾಣಿರಕ್ಷಣಾ ಸಂಸ್ಥೆ ಅವನ್ನು ನೋಡಿಕೊಂಡಿತ್ತು. ಇಲ್ಲಿಂದ ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಮತ್ತು ಕರ್ನಾಟಕ ಅರಣ್ಯ ಇಲಾಖೆ ಕೈಜೋಡಿಸಿದವು.

ಸ್ವಲ್ಪ ಯೋಚಿಸಿ. ಈ ಆಮೆಗಳು ಹೋಗುವುದು ಹೇಗೆ ಗೊತ್ತಾ? ಕಾಲು ಅಲ್ಲಾಡದ ಹಾಗೆ ಟೇಪು ಸುತ್ತಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ತುರುಕುತ್ತಾರೆ. ಆದರೆ ಈ 51 ವಾಪಸ್ ಬಂದದ್ದು ರಾಜಾರೋಷವಾಗಿ, ಎರಡೂ ದೇಶದ ಕಾಗದಪತ್ರ ಸಮೇತ. ಇಳಿದ ಮೇಲೂ ಸೀದಾ ಕಾಡಿಗೆ ಬಿಡುವ ಹಾಗಿಲ್ಲ. ಮೊದಲು ಬೇರೆಯಾಗಿಟ್ಟು, ರೋಗ ಇದೆಯಾ ನೋಡಬೇಕು. ಇಲ್ಲದಿದ್ದರೆ ಕಾಡಿನ ಆಮೆಗಳಿಗೂ ಅಂಟುತ್ತದೆ. ಆಮೇಲೆ ಬೇಲಿ ಹಾಕಿದ ಜಾಗದಲ್ಲಿ ಬಿಟ್ಟು, ನಮ್ಮ ಮಣ್ಣು, ನಮ್ಮ ಹುಲ್ಲು ಅಭ್ಯಾಸ ಮಾಡಿಸಬೇಕು. ತಾಯಿ ಮನೆಗೆ ಬಂದ ಮಗಳನ್ನು ನೋಡಿಕೊಳ್ಳುವ ಹಾಗೆ. ಆ ಸುದ್ದಿ ನೆನಪಾದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಆದರೆ ಲೆಕ್ಕ ನೋಡಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದ ಒಂದೇ ಒಂದು ವ್ಯಾಪಾರ ತಾಣದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆ ಹಿಡಿಯಲಾಗುತ್ತಿತ್ತು. ವಾಪಸ್ ಬಂದವು 51. ಹಿಡಿದದ್ದನ್ನೆಲ್ಲಾ ಹೀಗೆ ವಾಪಸ್ ತರುವುದು ಆಗುವ ಮಾತೇ ಅಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೊಳ್ಳಬೇಡಿ. ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನು ಯಾಕೆ ಹಿಡಿಯುತ್ತಾನೆ?

ಕಾನೂನಿಲ್ಲವೇ ಅಂತ ನೀವು ಕೇಳಬಹುದು. ಇದೆ. ಸೈಟೀಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಆದದ್ದು, 1975ರಿಂದ ಜಾರಿಯಲ್ಲಿದೆ. ಭಾರತ 1976ರಲ್ಲಿ ಸೇರಿತು. ಯಾವ ಜೀವಿಯನ್ನು ಗಡಿ ದಾಟಿಸಿ ಮಾರಬಹುದು, ಯಾವುದನ್ನು ಮಾರಬಾರದು ಅಂತ ಅದರಲ್ಲಿ ಪಟ್ಟಿಗಳಿವೆ. ನಮ್ಮ ಆಮೆ ಬಹಳ ಕಾಲ ಎರಡನೆಯ ಪಟ್ಟಿಯಲ್ಲಿತ್ತು. ಪರವಾನಗಿ ಇದ್ದರೆ ವ್ಯಾಪಾರ ಮಾಡಬಹುದಿತ್ತು. ಕಾಡಿನಿಂದ ಹಿಡಿದದ್ದನ್ನೇ ಸಾಕಣೆಯಲ್ಲಿ ಹುಟ್ಟಿದ ಮರಿ ಅಂತ ಸುಳ್ಳು ಹೇಳಿ ದಾಟಿಸಲು ಅದೇ ದಾರಿಯಾಯಿತು. 2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸಭೆ ಸೇರಿದಾಗ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಮತ್ತು ಸೆನೆಗಲ್ ಒಟ್ಟಾಗಿ ಕೇಳಿದವು. ಆಮೆ ಮೊದಲನೆಯ ಪಟ್ಟಿಗೆ ಬಂತು. ಹುಲಿ, ಚಿಪ್ಪುಹಂದಿ ಇರುವ ಪಟ್ಟಿ ಅದು. ಕಾಡಿನಿಂದ ಹಿಡಿದದ್ದನ್ನು ದೇಶದಿಂದ ದೇಶಕ್ಕೆ ಮಾರುವುದು ಅಲ್ಲಿಗೆ ಮುಗಿಯಿತು. ನಮ್ಮ ವನ್ಯಜೀವಿ ಕಾಯ್ದೆಯಲ್ಲೂ 2022ರ ತಿದ್ದುಪಡಿ ಅದನ್ನು ಒಂದನೇ ಪಟ್ಟಿಗೆ ಸೇರಿಸಿದೆ. ಶಿಕ್ಷೆ 3ರಿಂದ 7 ವರ್ಷ ಜೈಲು.

ಒಪ್ಪಂದ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಹಿತ್ತಲಿಗೆ ಬರುವುದಿಲ್ಲ. ಅಲ್ಲಿ ಬೇಡ ಅನ್ನಬೇಕಾದವರು ನೀವೇ. ಗಿಳಿ, ಕಾಡುಪಾಪ, ಚಿಪ್ಪುಹಂದಿಯ ಬಗ್ಗೆಯೂ ಹೇಳುವುದಿತ್ತು, ಸಮಯ ಸಾಲದು. ಅವುಗಳಿಗೂ ಇದೇ ಮಾತು. ಕೊಳ್ಳಬೇಡಿ.

ಕೊನೆಯದಾಗಿ, ಈಗಾಗಲೇ ಮನೆಯಲ್ಲಿ ಆಮೆ ಇದ್ದವರಿಗೆ. ದಯವಿಟ್ಟು ಅದನ್ನು ಕೆರೆಗೋ, ದೇವಸ್ಥಾನದ ಕಲ್ಯಾಣಿಗೋ ಬಿಡಬೇಡಿ. ಪುಣ್ಯ ಅಂತ ಎಷ್ಟೋ ಜನ ಹೀಗೆ ಮಾಡುತ್ತಾರೆ. ನಕ್ಷತ್ರ ಆಮೆ ನೆಲದ ಆಮೆ, ಅದಕ್ಕೆ ಈಜು ಬರುವುದಿಲ್ಲ. ಮುಳುಗಿ ಸಾಯುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ಬಕೆಟ್ಟಿನಿಂದ ಎತ್ತಿ ಒಣ ಜಾಗದಲ್ಲಿ ಬಿಡಿ, ಒಂದು ಹಿಡಿ ಹುಲ್ಲು ಹಾಕಿ.

ನಮಸ್ಕಾರ.