ಹಾಡಿಗೂ ಮುಂಚೆ ಒಂದು ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಕ್ ಹಾಡುಗಾರನ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ರೇಡಿಯೋ ಆರಿಸಬೇಡಿ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾ ಕೇಳುತ್ತಿರುವವರು, ಅಂಗಡಿ ತೆಗೆದು ಕೂತವರು, ಮುಖ್ಯವಾಗಿ ನಮ್ಮ ದಾವಣಗೆರೆ, ಚಿತ್ರದುರ್ಗದ ಆರ್ಕೆಸ್ಟ್ರಾ ಹುಡುಗ ಹುಡುಗಿಯರು, ಸ್ವಲ್ಪ ಹೊತ್ತು ಕೊಡಿ. ನಾನು ಹೇಳಬೇಕಾದದ್ದು ಒಂದೇ ಮಾತು. ಜನರ ಕಣ್ಣಲ್ಲಿ ನೀರು ಬರಬೇಕಾ? ಸಣ್ಣದೊಂದು ಸಂಗತಿ ಹೇಳಿ, ಅಲ್ಲೇ ನಿಲ್ಲಿಸಿ. ಅಷ್ಟೇ.

ಈ ಹಾಡುಗಾರನ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಹುಟ್ಟಿದ್ದು 1949ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಬೆಳೆದ ಊರು ಫ್ರೀಹೋಲ್ಡ್. ಅಲ್ಲೊಂದು ಕಾರ್ಪೆಟ್ ಮಿಲ್ ಇತ್ತು, ಮುಚ್ಚಿಹೋಯಿತು. ಮುಂದಿನದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಟನ್ ಮಿಲ್‌ಗಳು ನಿಂತ ಮೇಲೆ ಮನೆಯ ಗಂಡಸರು ಹೇಗೆ ಕೂರುತ್ತಿದ್ದರು ಅಂತ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಈತನ ಅಪ್ಪ ಡಗ್ಲಸ್ ಕೂಡ ಹಾಗೇ. ಮಿಲ್ಲು, ಬಸ್ಸು, ಜೈಲಿನ ಕಾವಲು, ಯಾವ ಕೆಲಸದಲ್ಲೂ ನೆಲೆ ನಿಲ್ಲಲಿಲ್ಲ. ರಾತ್ರಿಯಾದರೆ ಅಡುಗೆಮನೆಯ ದೀಪ ಆರಿಸಿ, ಬಿಯರು ಸಿಗರೇಟು ಇಟ್ಟುಕೊಂಡು ಕತ್ತಲಲ್ಲಿ ಕೂರುತ್ತಿದ್ದ.

ಈಗ 1985ಕ್ಕೆ ಬನ್ನಿ. ಲಾಸ್ ಏಂಜಲೀಸಿನ ಕೊಲಿಸಿಯಂ ಅನ್ನುವ ದೊಡ್ಡ ಸ್ಟೇಡಿಯಂ. ಹತ್ತಾರು ಸಾವಿರ ಜನ. ಹಿಂದೆ ವಾದ್ಯ ಮೆಲ್ಲಗೆ ನುಡಿಯುತ್ತಿದೆ. ಈತ ಹಾಡುವುದಿಲ್ಲ, ಮಾತಾಡಲು ಶುರು ಮಾಡುತ್ತಾನೆ. ನಿಮ್ಮ ಪಕ್ಕದಲ್ಲಿ ಕೂತು ಹೇಳುವ ಧ್ವನಿ. "ನಾನು ಬೆಳೆಯುವಾಗ ನನಗೂ ನಮ್ಮಪ್ಪನಿಗೂ ಸದಾ ಜಗಳ," ಅನ್ನುತ್ತಾನೆ. ಜಗಳ ಯಾತಕ್ಕೆ? ಕೂದಲಿಗೆ. ಹುಡುಗ ಕೂದಲು ಉದ್ದ ಬಿಟ್ಟಿದ್ದ. ಮನೆಗೆ ಬರುವಾಗ ಅದನ್ನು ಕಾಲರ್ ಒಳಗೆ ತುರುಕಿಕೊಳ್ಳುತ್ತಿದ್ದ. ಅಪ್ಪ ಕತ್ತಲಲ್ಲಿ ಕಾದಿರುತ್ತಿದ್ದ. ಬಾ, ಕೂತ್ಕೋ, ಏನು ಮಾಡ್ಕೊಂಡಿದೀಯ ನೀನು ಅಂತ ಕೇಳುತ್ತಿದ್ದ. ಇವನಿಗೆ ಉತ್ತರ ಹೇಳಲು ಬರುತ್ತಿರಲಿಲ್ಲ.

ಒಮ್ಮೆ ಬೈಕ್ ಅಪಘಾತವಾಗಿ ಹುಡುಗ ಹಾಸಿಗೆ ಹಿಡಿದ. ಅಪ್ಪ ಕ್ಷೌರಿಕನನ್ನು ಮನೆಗೇ ಕರೆಸಿ ಕೂದಲು ಕತ್ತರಿಸಿಬಿಟ್ಟ! ನೋಡಿ, ಏಳಲೂ ಆಗದ ಮಗನಿಗೆ. ನಿನ್ನನ್ನು ಕಂಡರೆ ಆಗಲ್ಲ, ಇದನ್ನು ಸಾಯೋತನಕ ಮರೆಯಲ್ಲ ಅಂದ ಮಗ. ನಿನ್ನನ್ನು ಮಿಲಿಟರಿಗೆ ಎಳ್ಕೊಂಡು ಹೋಗಲಿ, ಅವರು ನಿನ್ನನ್ನು ಗಂಡಸು ಮಾಡ್ತಾರೆ ಅಂತ ಅಪ್ಪನದು ದಿನದ ಪಾಠ.

ಆಗ ವಿಯೆಟ್ನಾಂ ಯುದ್ಧದ ಕಾಲ. ಹರೆಯದ ಹುಡುಗರಿಗೆ ಮಿಲಿಟರಿಗೆ ಬಾ ಅಂತ ಸರ್ಕಾರದಿಂದ ಕಾಗದ ಬರುತ್ತಿತ್ತು. ಇವನಿಗೂ ಬಂತು, ಮನೆಯಲ್ಲಿ ಬಚ್ಚಿಟ್ಟ. ಮಿಲಿಟರಿಯ ದೇಹ ಪರೀಕ್ಷೆಗೆ ಹೊರಡುವ ಹಿಂದಿನ ರಾತ್ರಿ ಗೆಳೆಯರೆಲ್ಲ ಮಲಗಲಿಲ್ಲ. ಬೆಳಿಗ್ಗೆ ಬಸ್ ಹತ್ತಿದರು. ಎಲ್ಲರಿಗೂ ಹೆದರಿಕೆ. ದೇಹ ಪರೀಕ್ಷೆಯಲ್ಲಿ ಇವನು ಫೇಲಾದ.

ಈ ಜಾಗದಲ್ಲಿ ಸ್ಟೇಡಿಯಮ್ಮಿನ ಜನ ಹೋ ಅಂತ ಚಪ್ಪಾಳೆ ಹೊಡೆಯುತ್ತಾರೆ. ಆತ ಮೆಲ್ಲಗೆ ತಡೆಯುತ್ತಾನೆ. ಇದು ಚಪ್ಪಾಳೆ ಹೊಡೆಯೋ ವಿಷಯ ಅಲ್ಲ, ಅನ್ನುತ್ತಾನೆ. ಸಿಕ್ಕ ಚಪ್ಪಾಳೆಯನ್ನು ಬೇಡ ಅನ್ನುವ ಎಷ್ಟು ಜನ ಹಾಡುಗಾರರನ್ನು ನೀವು ನೋಡಿದ್ದೀರಿ, ಹೇಳಿ?

ಮೂರು ದಿನ ಬಿಟ್ಟು ಮನೆಗೆ ಬಂದ. ಅಡುಗೆಮನೆಯಲ್ಲಿ ಅಪ್ಪ ಅಮ್ಮ ಕೂತಿದ್ದಾರೆ. ಎಲ್ಲಿಗೆ ಹೋಗಿದ್ದೆ ಅಂತ ಅಪ್ಪ ಕೇಳಿದ. ಮಿಲಿಟರಿ ಪರೀಕ್ಷೆಗೆ. ಏನಾಯ್ತು? ತಗೊಳ್ಳಲಿಲ್ಲ. ಅಪ್ಪ ಅಂದ: "ಒಳ್ಳೇದಾಯ್ತು."

ಮುಗಿಯಿತು. ಹಾರ್ಮೋನಿಕಾ ಬಾಯಿಗಿಟ್ಟು ಹಾಡು ಶುರು ಮಾಡಿಬಿಡುತ್ತಾನೆ. ಅಪ್ಪನಿಗೆ ನನ್ನ ಮೇಲೆ ಒಳಗೊಳಗೇ ಪ್ರೀತಿ ಇತ್ತು ಅಂತ ಹೇಳುವುದಿಲ್ಲ. ಅಪ್ಪಂದಿರೆಲ್ಲ ಹೀಗೇ ಅಂತ ಹೇಳುವುದಿಲ್ಲ. ಸಣ್ಣದು ಹೇಳಿದ, ನಿಲ್ಲಿಸಿದ. 1986ರಲ್ಲಿ ಬಂದ ಆತನ ಲೈವ್ ಆಲ್ಬಮ್ಮಿನಲ್ಲಿ ಈ ಕಥೆ ಹಾಗೇ ಇದೆ, ಕೇಳಬಹುದು.

ನಮ್ಮಲ್ಲಿ ಏನು ಮಾಡುತ್ತಾರೆ? ಗಣೇಶನ ಪೆಂಡಾಲಿನಲ್ಲಿ ಅಮ್ಮನ ಮೇಲೊಂದು ಹಾಡು. ಹಾಡಿಗೆ ಮೊದಲು ನಿರೂಪಕರು ಹತ್ತು ನಿಮಿಷ ತಾಯಿ ಅಂದರೆ ದೇವರು, ತಾಯಿ ಅಂದರೆ ಕಡಲು ಅಂತ ಶುರು. ಕೀಬೋರ್ಡಿನವರು ಪಿಟೀಲು ಧ್ವನಿ ಹಾಕಿ ಎಳೆಯುತ್ತಾರೆ. ಮೊಬೈಲ್ ಟಾರ್ಚ್ ಹಚ್ಚಿ ಅಂತ ಕೂಗು ಬೇರೆ. ಅಳಿ, ಅಳಿ ಅಂದರೆ ಯಾರಿಗೆ ಅಳು ಬರುತ್ತದೆ ಸ್ವಾಮಿ? ಚಿಂದೋಡಿ ಲೀಲಾ ಅವರ ನಾಟಕ ನೋಡಿದ ಊರು ಇದು. ಇಲ್ಲಿಯ ಜನಕ್ಕೆ ಅಳುವುದು ಹೇಳಿಕೊಡಬೇಕಾಗಿಲ್ಲ.

ಒನಕೆ ಓಬವ್ವನ ಕಥೆಯನ್ನೇ ತಗೊಳ್ಳಿ. ಒನಕೆ ಏಟಿಗೆ ಚಪ್ಪಾಳೆ ಬೀಳುತ್ತದೆ, ಸರಿ. ಆದರೆ ಕೋಟೆಯಲ್ಲಿ ಆ ಕಿಂಡಿಯ ಮುಂದೆ ನಿಂತಾಗ ನನ್ನ ಗಂಟಲು ಕಟ್ಟುವುದು ಬೇರೆ ಮಾತಿಗೆ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋಗಿದ್ದಳು. ಕಥೆ ಹೇಳುವವರು ಇದನ್ನೇ ಅವಸರದಲ್ಲಿ ದಾಟಿಬಿಡುತ್ತಾರೆ!

ಅಪ್ಪನ ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. 2017ರ ಅಕ್ಟೋಬರಿನಿಂದ 2018ರ ಡಿಸೆಂಬರಿನವರೆಗೆ ಈತ ನ್ಯೂಯಾರ್ಕಿನಲ್ಲಿ ನಾಟಕಗಳಿಗೆ ಹೆಸರಾದ ಬ್ರಾಡ್‌ವೇಯಲ್ಲಿ ಇದೇ ತರಹ ಕಥೆ ಹೇಳುತ್ತಾ ಹಾಡಿದ. ಸಾವಿರಕ್ಕೂ ಕಡಿಮೆ ಸೀಟಿನ ಥಿಯೇಟರ್, ಒಟ್ಟು 236 ಪ್ರದರ್ಶನ. ದುಬಾರಿ ಟಿಕೆಟ್ಟಿಗೆ 850 ಡಾಲರ್! ಕಥೆಗಿಂತ ಮೊದಲು ಅದಕ್ಕೇ ಅಳು ಬರುತ್ತದೆ, ಬಿಡಿ. ಅಲ್ಲಿ ತನ್ನ ಮೊದಲ ಬ್ಯಾಂಡಿನ ಡ್ರಮ್ಮರ್ ಬಗ್ಗೆ ಹೇಳುತ್ತಾನೆ. ಆ ಹುಡುಗ ವಿಯೆಟ್ನಾಮಿನಿಂದ ವಾಪಸ್ ಬರಲಿಲ್ಲ. ನನ್ನ ಬದಲು ಯಾರು ಹೋದರೋ ಅಂತ ಆಗಾಗ ಅನಿಸುತ್ತದೆ, ಯಾಕಂದರೆ ಯಾರೋ ಹೋಗಿರುತ್ತಾರಲ್ಲ, ಅನ್ನುತ್ತಾನೆ. ಆ ಫೇಲಾದ ಪರೀಕ್ಷೆಗೆ ಚಪ್ಪಾಳೆ ಬೇಡ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಅಪ್ಪನೂ ಅಲ್ಲಿ ಮತ್ತೆ ಬರುತ್ತಾನೆ. ಬ್ರೂಸ್‌ಗೆ 1990ರಲ್ಲಿ ಮೊದಲ ಮಗು ಹುಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಅಪ್ಪ ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದ. ನೀನು ನಮ್ಮನ್ನು ಚೆನ್ನಾಗಿ ನೋಡಿಕೊಂಡೆ, ನಾನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ ಅಂದ. ಇಲ್ಲೂ ಅಷ್ಟೇ, ಒಂದು ಮಾತು.

ಇನ್ನು ಅಮ್ಮ ಅಡೆಲ್. ವಕೀಲರ ಕಚೇರಿಯಲ್ಲಿ ಸೆಕ್ರೆಟರಿ ಆಗಿದ್ದವಳು. ಆ ಪ್ರದರ್ಶನದ ಕಾಲಕ್ಕೆ ಆಕೆಗೆ ಮರೆವಿನ ಕಾಯಿಲೆ ಹಿಡಿದು ವರ್ಷಗಳಾಗಿದ್ದವು. ಎಷ್ಟೋ ಮರೆತರೂ ಹಾಡು ಹಾಕಿದರೆ ಕುಣಿಯುವುದು ಮರೆತಿಲ್ಲ ಅಂತ ಹೇಳಿ ಪಿಯಾನೋ ನುಡಿಸುತ್ತಾನೆ. 2024ರಲ್ಲಿ, 98ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

ಈ ಪ್ರದರ್ಶನವನ್ನು ಚಿತ್ರೀಕರಿಸಿ 2018ರ ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಹಾಕಿದರು. ಇಂಗ್ಲಿಷ್ ಬರುವುದಿಲ್ಲ ಅಂತ ಸಂಕೋಚ ಬೇಡ. ಮನೆಯ ಹುಡುಗರಿಗೆ ಹೇಳಿ, ಹುಡುಕಿ ಹಾಕಿಕೊಡುತ್ತಾರೆ. ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಅಮ್ಮನ ಭಾಗ ಮಾತ್ರ ನೋಡಿ. ನಮಸ್ಕಾರ.