ಕಿಟಕಿಯ ಅಗಲಕ್ಕೆ ಒಗ್ಗುವ ವೆಬ್ ಪುಟ

ಕೇಳುಗರಿಗೆಲ್ಲ ನಮಸ್ಕಾರ. ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೆರೆಯುತ್ತೀರಿ. ಅಕ್ಷರ ಕಣ್ಣಿಗೇ ಕಾಣದಷ್ಟು ಚಿಕ್ಕದು. ಎರಡು ಬೆರಳಿಟ್ಟು ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯ ಆಚೆ ಹೋಗುತ್ತದೆ. ಇಂಥ ಪುಟಗಳು ಈಗಲೂ ಇವೆ, ಅಲ್ವಾ? ತಪ್ಪು ನಿಮ್ಮ ಫೋನಿನದಲ್ಲ. ಪುಟ ಕಟ್ಟಿದವರು ಅದಕ್ಕೆ ಒಂದೇ ಅಗಲ ಕೊಟ್ಟುಬಿಟ್ಟಿದ್ದಾರೆ.

ಹಿಂದೆ ಬಹಳ ಜನ ಹಾಗೇ ಮಾಡುತ್ತಿದ್ದರು. ಪುಟ ಅಂದರೆ 960 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕೆಗಳ ಅಗಲ ಅಂತ ಲೆಕ್ಕ. 2007ರಲ್ಲಿ ಬಂದ ಐಫೋನ್ ಇಂಥ ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಹರಡಿಕೊಂಡು, ಆಮೇಲೆ ಕುಗ್ಗಿಸಿ ತೋರಿಸುತ್ತಿತ್ತು. ಇವತ್ತಿಗೂ ಪುಟದ ಕೋಡಿನ ತಲೆಯಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲು, ಅಂದರೆ ಪರದೆಯ ಅಗಲಕ್ಕೇ ಪುಟ ಹರಡು ಎಂದು ಹೇಳುವ ಸಾಲು, ಬರೆಯದಿದ್ದರೆ ಮೊಬೈಲ್ ಬ್ರೌಸರ್ ಮಾಡುವುದು ಇದನ್ನೇ.

2010ರ ಮೇ ತಿಂಗಳಲ್ಲಿ ಅಮೆರಿಕದ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಒಂದು ಲೇಖನ ಬರೆದು, ಇದಕ್ಕೆ ಪರಿಹಾರ ತೋರಿಸಿದರು. ರೆಸ್ಪಾನ್ಸಿವ್ ವೆಬ್ ಡಿಸೈನ್, ಅಂದರೆ ಕಿಟಕಿಯ ಅಗಲಕ್ಕೆ ಒಗ್ಗುವ ವಿನ್ಯಾಸ, ಎಂದು ಹೆಸರಿಟ್ಟವರೂ ಅವರೇ. ಲೆಕ್ಕ ಸುಲಭ. 960ರ ಪುಟದಲ್ಲಿ ಪಕ್ಕದ ಅಂಕಣ 300 ಇದೆ ಅನ್ನಿ. ಭಾಗಿಸಿದರೆ 31.25 ಪರ್ಸೆಂಟ್. ಪಿಕ್ಸೆಲ್ ಬದಲು ಈ ಪರ್ಸೆಂಟ್ ಬರೆದರೆ, ಬ್ರೌಸರಿನ ಕಿಟಕಿ ಹಿಗ್ಗಿದಂತೆ ಅಂಕಣವೂ ಹಿಗ್ಗುತ್ತದೆ. ಆದರೆ ಪುಟದ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲವಿರುವ ಫೋನಿನಲ್ಲಿ ಆ ಅಂಕಣಕ್ಕೆ ಸಿಗುವುದು ಬರೀ 112. ಒಂದು ಉದ್ದದ ಪದವೂ ಹಿಡಿಯದು. ಅದಕ್ಕೇ ಮೀಡಿಯಾ ಕ್ವೆರಿ ಬೇಕು: ಕಿಟಕಿ ಇಷ್ಟಕ್ಕಿಂತ ಕಿರಿದಾದರೆ ಅಂಕಣ ಕೆಳಗಿಳಿಯಲಿ ಅಂತ ಹೇಳುವ ನಿಯಮ. ಆ ‘ಇಷ್ಟು’ ಎಷ್ಟು? ಫೋನ್ ಮಾಡೆಲ್ ನೋಡಿ ಗೆರೆ ಎಳೆಯಬೇಡಿ. ಕಿಟಕಿಯ ಅಂಚು ಹಿಡಿದು ಎಳೆಯುತ್ತಾ ಹೋಗಿ. ಓದಲು ಎಲ್ಲಿ ಕಷ್ಟವಾಗುತ್ತದೋ ಗೆರೆ ಅಲ್ಲಿ.

ಚಿತ್ರಗಳ ವಿಷಯ ಬೇರೆ. ಮ್ಯಾಕ್ಸ್-ವಿಡ್ತ್, ಅಂದರೆ ಗರಿಷ್ಠ ಅಗಲ, 100 ಪರ್ಸೆಂಟ್ ಎಂದು ಬರೆದರೆ ಚಿತ್ರ ತನ್ನ ಜಾಗ ಬಿಟ್ಟು ಹೊರಗೆ ಚಾಚುವುದಿಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಾಣಲು ಚಿಕ್ಕದಾಯಿತೇ ಹೊರತು ಫೈಲ್ ಚಿಕ್ಕದಾಗಲಿಲ್ಲ! 4000 ಪಿಕ್ಸೆಲ್ ಅಗಲ, 3000 ಎತ್ತರದ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಪುಟದ ಲೆಕ್ಕದ ಒಂದು ಪಿಕ್ಸೆಲ್‌ಗೆ ಪರದೆಯ ಎರಡು ಮೂರು ಚುಕ್ಕೆ ಬಳಸುವ ಒಳ್ಳೆಯ ಫೋನಿಗೂ 1080 ಅಗಲದ ಚಿತ್ರ ಸಾಕು. ಅದರಲ್ಲಿ ಒಂಬತ್ತು ಲಕ್ಷವೂ ಇರುವುದಿಲ್ಲ. ಉಳಿದದ್ದು ಸುಮ್ನೆ ಇಳಿಯುತ್ತದೆ. ಡೇಟಾ ಖರ್ಚು ಮಾತ್ರ ಓದುಗರದ್ದು. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ದಾರಿ ಇದೆ. ಒಂದೇ ಚಿತ್ರವನ್ನು ಮೂರು ನಾಲ್ಕು ಅಳತೆಯಲ್ಲಿ ಉಳಿಸಿ, ಚಿತ್ರದ ಕೋಡಿನಲ್ಲಿ ಎಸ್‌ಆರ್‌ಸಿಸೆಟ್ ಅನ್ನುವ ಜಾಗದಲ್ಲಿ ಅವುಗಳ ಪಟ್ಟಿ ಕೊಡಿ. ಪರದೆಯಲ್ಲಿ ಚಿತ್ರಕ್ಕೆ ಎಷ್ಟು ಅಗಲ ಸಿಗುತ್ತದೆ ಎಂದೂ ತಿಳಿಸಿ. ಬೇಕಾದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಚಿತ್ರದ ಅಗಲ, ಎತ್ತರ ಬರೆಯುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು, ಓದುತ್ತಿದ್ದ ಸಾಲನ್ನು ಕೆಳಕ್ಕೆ ತಳ್ಳುತ್ತದೆ.

ಕನ್ನಡ ಪುಟ ಮಾಡುವವರಿಗೆ ಇನ್ನೊಂದು ಮಾತು. ‘ಮಾಡಬೇಕಾಗಿರುವುದರಿಂದ’ ಅನ್ನುವಂಥ ಪದಗಳು ನಮ್ಮಲ್ಲಿ ಜಾಸ್ತಿ. ಇಂಗ್ಲಿಷ್ ಅಕ್ಷರ ಹಾಕಿ ಪರೀಕ್ಷೆ ಮಾಡಿದ ಬಟನ್‌ನಲ್ಲಿ ಇವು ಹಿಡಿಸುವುದಿಲ್ಲ. ‘ರಾಷ್ಟ್ರ’, ‘ಸಾಮರ್ಥ್ಯ’ದಂಥ ಪದಗಳಲ್ಲಿ ಒತ್ತುಗಳು ಕೆಳಗಿಳಿಯುತ್ತವೆ. ಪೆಟ್ಟಿಗೆಗೆ ಇಂತಿಷ್ಟೇ ಎತ್ತರ ಅಂತ ಕಟ್ಟಿಹಾಕಿದರೆ ಆ ಒತ್ತುಗಳು ಕತ್ತರಿಸಿಹೋಗುತ್ತವೆ. ಎತ್ತರವನ್ನು ಅಕ್ಷರಕ್ಕೇ ಬಿಡಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಕೊಡಿ. ಪರೀಕ್ಷೆ ಮಾಡುವಾಗ ನಿಜವಾದ ಕನ್ನಡ ವಾಕ್ಯಗಳನ್ನೇ ಹಾಕಿ. ನಮಸ್ಕಾರ.