ಡ್ಯಾಕ್ ಬದಲಾದರೆ ಹಾಡು ಬದಲಾಗುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ಒಳ್ಳೆಯ ಸೌಂಡಿನ ಹುಚ್ಚಿರುವ ನಾಲ್ಕು ಜನ ಒಂದೆಡೆ ಸೇರಿದರೆ ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಸ್ಪೀಕರಿಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಸಾಧನದ ಮಾತು ಬಂದೇ ಬರುತ್ತದೆ. ‘ಹೊಸ ಡ್ಯಾಕ್ ಹಾಕಿದ ಮೇಲೆ ಹಾಡುವವರು ಎದುರಿಗೇ ಕೂತ ಹಾಗಿದೆ’ ಅಂತ ಒಬ್ಬರು. ‘ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲಪ್ಪ’ ಅಂತ ಇನ್ನೊಬ್ಬರು. ಮಾತಿಗೆ ಮಾತು ಬೆಳೆದು ಮನಸ್ತಾಪವೂ ಆಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರಿಗೂ ಹಾಗೇ ಕೇಳಿಸಿದೆ. ಆದರೆ ಕೇಳಿಸಿದ್ದಕ್ಕೆ ಕಾರಣ ಡ್ಯಾಕೇನಾ? ಇವತ್ತು ಅದನ್ನು ನೋಡೋಣ.

ಫೋನು, ಟಿವಿ, ಕಂಪ್ಯೂಟರ್, ಸಿ.ಡಿ. ಪ್ಲೇಯರ್, ಡಿಜಿಟಲ್ ಹಾಡು ನುಡಿಸುವ ಯಾವುದರಲ್ಲೇ ಆಗಲಿ, ಕೊನೆಗೊಂದು ಡ್ಯಾಕ್ ಇದ್ದೇ ಇರುತ್ತದೆ. ಬೇರೆ ಪೆಟ್ಟಿಗೆಯಾಗಿಯೂ ಸಿಗುತ್ತದೆ. ಫೈಲಿನಲ್ಲಿ ಹಾಡು ಬರೀ ಅಂಕಿಗಳಾಗಿ ಇರುತ್ತದೆ. ಸ್ಪೀಕರಿಗೆ ಅಂಕಿ ಬೇಡ, ಏರಿಳಿಯುವ ವೋಲ್ಟೇಜು ಬೇಕು. ಅಂಕಿಯನ್ನು ವೋಲ್ಟೇಜ್ ಮಾಡಿಕೊಡುವುದಷ್ಟೇ ಡ್ಯಾಕಿನ ಕೆಲಸ.

ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳಿರುತ್ತವೆ. ಒಂದೊಂದು ಅಳತೆಗೂ 16 ಬಿಟ್, ಅಂದರೆ 65,536 ಹಂತ. ಇಲ್ಲಿ ತುಂಬ ಜನಕ್ಕೆ ಒಂದು ಅನುಮಾನ ಬರುತ್ತದೆ. ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ ಇದ್ದ ಸಂಗೀತ ಎಲ್ಲಿ ಹೋಯ್ತು? ಅದನ್ನು ಒಂದೊಂದು ಡ್ಯಾಕ್ ಒಂದೊಂದು ಥರ ಊಹಿಸಿ ತುಂಬುತ್ತದೆ, ಅದಕ್ಕೇ ದನಿ ಬೇರೆ ಬೇರೆ ಅಂತ ಹಲವರು ನಂಬಿದ್ದಾರೆ.

ಆದರೆ ಊಹಿಸುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಅನ್ನುವ ಎಂಜಿನಿಯರ್ ಇದಕ್ಕೆ ತಳಪಾಯ ಹಾಕಿದರು. 1949ರಲ್ಲಿ ಗಣಿತಜ್ಞ ಕ್ಲಾಡ್ ಶಾನನ್ ಗಣಿತದಿಂದಲೇ ಸಾಧಿಸಿ ತೋರಿಸಿದರು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೀರೋ ಅದರ ಅರ್ಧಕ್ಕಿಂತ ಕೆಳಗಿನ ಎಲ್ಲ ಕಂಪನಗಳನ್ನೂ ಆ ಅಳತೆಗಳಿಂದಲೇ ಪೂರ್ತಿಯಾಗಿ ಮರಳಿ ಕಟ್ಟಬಹುದು. 44,100ರ ಅರ್ಧ ಅಂದರೆ 22,050 ಹರ್ಟ್ಜ್. ಎಳೆಯ ವಯಸ್ಸಿನ ಒಳ್ಳೆಯ ಕಿವಿಗೂ ಕೇಳುವುದು 20,000 ಹರ್ಟ್ಜ್‌ವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. ಆ ಮಿತಿಯೊಳಗೆ ಆ ಎಲ್ಲ ಬಿಂದುಗಳ ಮೂಲಕ ಹಾದು ಹೋಗುವ ಅಲೆ ಒಂದೇ ಒಂದು. ಇದು ನನಗೆ ಯಾವತ್ತೂ ಬೆರಗು ತರುವ ಸಂಗತಿ. ಒಂದು ಲೆಕ್ಕಕ್ಕೆ ಉತ್ತರ ಒಂದೇ ಇರುವಾಗ ಸರಿಯಾಗಿ ಮಾಡಿದವರೆಲ್ಲರಿಗೂ ಅದೇ ಉತ್ತರ ಬರಬೇಕು, ಅಲ್ವಾ? ಎರಡು ಒಳ್ಳೆಯ ಡ್ಯಾಕ್‌ಗಳೂ ಹಾಗೇ. ಬೇರೆ ಬೇರೆ ಉತ್ತರ ಕೊಟ್ಟರೆ ಒಂದಾದರೂ ತಪ್ಪಿದೆ ಅಂತ ಅರ್ಥ.

ತಪ್ಪುತ್ತಿದ್ದ ಕಾಲವೂ ಇತ್ತು. 1982ರಲ್ಲಿ ಸಿ.ಡಿ. ಪ್ಲೇಯರ್‌ಗಳು ಬಂದಾಗ 16 ಬಿಟ್‌ನ ಒಳ್ಳೆಯ ಡ್ಯಾಕ್ ಮಾಡುವುದೇ ಕಷ್ಟವಾಗಿತ್ತು. ಫಿಲಿಪ್ಸ್ 14 ಬಿಟ್‌ನ ಚಿಪ್ ಇಟ್ಟು, ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ, ಅಂದರೆ ಅಳತೆಗಳ ನಡುವೆ ಲೆಕ್ಕ ಹಾಕಿದ ಇನ್ನಷ್ಟು ಅಂಕಿ ಸೇರಿಸಿ, ಕೊರತೆ ತುಂಬಿಕೊಂಡಿತು. ಸೋನಿಯ ಮೊದಲ ಪ್ಲೇಯರಿನಲ್ಲಿ ಒಂದೇ ಡ್ಯಾಕ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರದಿಯಲ್ಲಿ ದುಡಿಯುತ್ತಿತ್ತು. ಇವತ್ತು ಆ ಕಷ್ಟ ಇಲ್ಲ. ನೆಟ್ಟಗೆ ಮಾಡಿದ ಡ್ಯಾಕಿನಲ್ಲಿ ಗೊರಗೊರ ಸದ್ದು ಸಂಗೀತಕ್ಕಿಂತ 110 ಡೆಸಿಬಲ್ ಕೆಳಗೇ ಇರುತ್ತದೆ. ನಿಶ್ಶಬ್ದ ಅನ್ನಿಸುವ ಕೋಣೆಯಲ್ಲೇ ಸುಮಾರು 30 ಡೆಸಿಬಲ್ ಸದ್ದು ಇರುತ್ತದೆ. ಆ ಗೊರಗೊರ ಅದನ್ನು ಮೀರಿ ಕೇಳಿಸಬೇಕಾದರೆ ಸಂಗೀತವನ್ನು ಕಿವಿ ಹಾಳಾಗುವಷ್ಟು ಏರಿಸಬೇಕು.

ಜಿಟರ್ ಬಗ್ಗೆಯೂ ಜನ ಹೆದರುತ್ತಾರೆ. ಅಳತೆಗಳು ಹೊರಬರುವ ಹೊತ್ತು ಚೂರು ಹಿಂದುಮುಂದಾಗುವುದೇ ಜಿಟರ್. ಸಂಗೀತದಲ್ಲಿ ಎಲ್ಲೆಂದರಲ್ಲಿ ಬರುವ ಜಿಟರ್ ಕಿವಿಗೆ ಸಿಗಬೇಕಾದರೆ ಅದು ನೂರಾರು ನ್ಯಾನೋಸೆಕೆಂಡ್ ಇರಬೇಕು ಅಂತ ಪ್ರಯೋಗಗಳು ತೋರಿಸಿವೆ. ಈಗಿನ ಡ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಒಂದು ನ್ಯಾನೋಸೆಕೆಂಡೂ ಇರುವುದಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ಹಾಗಾದರೆ ಅಷ್ಟು ಜನಕ್ಕೆ ವ್ಯತ್ಯಾಸ ಕೇಳಿಸುವುದು ಯಾಕೆ? ಬಹುಪಾಲು ಉತ್ತರ ವಾಲ್ಯೂಮಿನಲ್ಲಿದೆ. ಸಾಮಾನ್ಯವಾಗಿ ಡ್ಯಾಕ್ ಹೊರಗೆ ಕೊಡುವುದು 2 ವೋಲ್ಟ್. ಕೆಲವು 2.2 ಕೊಡುತ್ತವೆ. ಒಂದೇ ಸಿಗ್ನಲನ್ನು ಎರಡು ಎಳೆಗಳಲ್ಲಿ ಒಂದಕ್ಕೊಂದು ಉಲ್ಟಾ ಮಾಡಿ ಕಳಿಸುವ ಬ್ಯಾಲೆನ್ಸ್ಡ್ ತಂತಿಯಲ್ಲಿ ಎಷ್ಟೋ ಡ್ಯಾಕ್‌ಗಳು 4 ವೋಲ್ಟ್ ಕೊಡುತ್ತವೆ. 2ಕ್ಕೂ 2.2ಕ್ಕೂ ನಡುವಿನ ಅಂತರ ಒಂದು ಡೆಸಿಬಲ್ಲಿಗಿಂತ ಕಡಿಮೆ. ಇಷ್ಟು ಸಣ್ಣ ಏರಿಕೆ ನಮಗೆ ‘ಜೋರಾಯ್ತು’ ಅಂತ ಅನ್ನಿಸುವುದೇ ಇಲ್ಲ. ‘ದನಿ ತುಂಬಿಕೊಂಡಿದೆ, ತಿಳಿಯಾಗಿದೆ’ ಅಂತ ಅನ್ನಿಸುತ್ತದೆ. ಸದ್ದು ಏರಿದಷ್ಟೂ ಕಿವಿಗೆ ಬೇಸ್ ಜಾಸ್ತಿ ಸಿಗುತ್ತದೆ ಅನ್ನುವುದನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಜೊತೆಗೆ ಸದ್ದಿನ ಸೂಕ್ಷ್ಮಗಳು ನೆನಪಿನಲ್ಲಿ ನಿಲ್ಲುವುದು ಬಹಳ ಸ್ವಲ್ಪ ಹೊತ್ತು. ತಂತಿ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವಷ್ಟರಲ್ಲಿ ಅದು ಮಸುಕಾಗಿರುತ್ತದೆ. ಆ ಜಾಗವನ್ನು ಕಣ್ಣಿಗೆ ಕಂಡ ಹೊಸ ಪೆಟ್ಟಿಗೆ ತುಂಬಿಬಿಡುತ್ತದೆ. ಇದು ದಡ್ಡತನ ಅಲ್ಲ. ಎಲ್ಲರ ಮಿದುಳೂ ಕೆಲಸ ಮಾಡುವ ರೀತಿಯೇ ಅದು. ಪಳಗಿದ ಕಿವಿಯವರಿಗೂ ಇದರಿಂದ ವಿನಾಯಿತಿ ಇಲ್ಲ.

ನಿಮ್ಮ ಹತ್ತಿರ ಎರಡು ಡ್ಯಾಕ್ ಇದ್ದರೆ ನೀವೇ ಪರೀಕ್ಷೆ ಮಾಡಬಹುದು. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. 200 ಹರ್ಟ್ಜ್‌ನ ಒಂದೇ ಸಮನಾದ ಸ್ವರ ಹಾಕಿ. ಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ, ಅದರ ಎರಡು ಮೊನೆಗಳನ್ನು ಸ್ಪೀಕರಿನ ಎರಡು ತುದಿಗೆ ಇಡಿ. ಮೊದಲ ಡ್ಯಾಕಿನಲ್ಲಿ ಬಂದ ಅಂಕಿಯನ್ನು ಬರೆದುಕೊಳ್ಳಿ. ಎರಡನೆಯದರಲ್ಲೂ ಅದೇ ಅಂಕಿ ಬರುವ ತನಕ ವಾಲ್ಯೂಮ್ ಸರಿಮಾಡಿ. ನೂರಕ್ಕೆ ಒಂದರಷ್ಟು ಮಾತ್ರ ವ್ಯತ್ಯಾಸ ಉಳಿದರೆ ಅದು 0.1 ಡೆಸಿಬಲ್ಲಿಗಿಂತ ಕಡಿಮೆ. ಅಷ್ಟಾದರೆ ಸಾಕು. ಇನ್ನು ಯಾವ ಡ್ಯಾಕ್ ನುಡಿಯುತ್ತಿದೆ ಅಂತ ನಿಮಗೆ ಗೊತ್ತಾಗಬಾರದು. ಯಾವುದನ್ನು ನುಡಿಸಬೇಕು ಅಂತ ಇನ್ನೊಬ್ಬರು ನಾಣ್ಯ ಚಿಮ್ಮಿ ಬದಲಿಸಲಿ, ನೀವು ಯಾವುದು ಅಂತ ಹೇಳಿ. ಅವರು ನಿಮ್ಮ ಕಣ್ಣಿಗೆ ಬೀಳಬಾರದು, ಮಾತೂ ಆಡಬಾರದು. 16 ಸಲ ಮಾಡಿ. ಸುಮ್ನೆ ಊಹಿಸಿದರೂ ಸುಮಾರು 8 ಸರಿಯಾಗುತ್ತವೆ. 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ.

ಇಂಥದ್ದೇ ಪ್ರಯೋಗವನ್ನು ಮೇಯರ್ ಮತ್ತು ಮೊರಾನ್ ಅನ್ನುವ ಇಬ್ಬರು ಅಮೆರಿಕದಲ್ಲಿ ದೊಡ್ಡದಾಗಿ ಮಾಡಿ 2007ರಲ್ಲಿ ಪ್ರಕಟಿಸಿದರು. ಸಿ.ಡಿ.ಗಿಂತ ಉತ್ತಮ ದರ್ಜೆಯ ಡಿಸ್ಕ್‌ಗಳ ಸಂಗೀತವನ್ನು ಒಮ್ಮೆ ನೇರವಾಗಿ ಕೇಳಿಸಿದರು. ಇನ್ನೊಮ್ಮೆ ಅದನ್ನೇ ಸಿ.ಡಿ. ಮಟ್ಟದ ಅಂಕಿಗಳಾಗಿ ಮಾಡಿ, ಮತ್ತೆ ವೋಲ್ಟೇಜ್ ಮಾಡಿ ಕೇಳಿಸಿದರು. ಅಂದರೆ ದಾರಿಯಲ್ಲಿ ಒಂದು ಡ್ಯಾಕ್ ಹೆಚ್ಚಿಗೇ ಬಂತು. 554 ಸಲ ಕೇಳಿದ್ದರಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ವಾಲ್ಯೂಮನ್ನು ವಿಪರೀತ ಏರಿಸಿ, ಸಂಗೀತ ಇಲ್ಲದ ಜಾಗದಲ್ಲಿ ಕೇಳಿದಾಗ ಮಾತ್ರ ಗೊರಗೊರ ಸದ್ದಿನಿಂದ ಗೊತ್ತಾಗುತ್ತಿತ್ತು.

ಹಾಗಂತ ಎಲ್ಲ ಡ್ಯಾಕೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಿಜವಾದ ವ್ಯತ್ಯಾಸಗಳೂ ಇವೆ. ಇಯರ್‌ಫೋನನ್ನು ಡ್ಯಾಕ್ ಪೆಟ್ಟಿಗೆಗೇ ಸಿಕ್ಕಿಸುವವರು ಇದನ್ನು ಗಮನಿಸಿ. ಒಳಗೆ ಹಲವು ಡ್ರೈವರ್, ಅಂದರೆ ಪುಟ್ಟ ಸ್ಪೀಕರ್ ಇರುವ ಇಯರ್‌ಫೋನಿನ ಪ್ರತಿರೋಧ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಒಂದು ಸ್ವರಕ್ಕೆ 8 ಓಮ್, ಇನ್ನೊಂದು ಸ್ವರಕ್ಕೆ 40 ಓಮ್ ಇದೆ ಅಂತ ಇಟ್ಟುಕೊಳ್ಳಿ. ಪೆಟ್ಟಿಗೆಯದೇ ಪ್ರತಿರೋಧ 10 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ 5 ಡೆಸಿಬಲ್ ಏರುಪೇರಾಗುತ್ತದೆ. ಅದು ಯಾರಿಗಾದರೂ ಕೇಳಿಸುತ್ತದೆ! ಪೆಟ್ಟಿಗೆಯದು 1 ಓಮ್ ಆದರೆ ಏರುಪೇರು 1 ಡೆಸಿಬಲ್ಲಿಗಿಂತ ಕಡಿಮೆ.

ಓವರ್‌ಸ್ಯಾಂಪ್ಲಿಂಗ್ ಇಲ್ಲದ, ‘ನಾಸ್’ ಅಂತ ಕರೆಯುವ ಡ್ಯಾಕ್‌ಗಳೂ ಬೇರೆಯಾಗಿ ಕೇಳಬಹುದು. ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ, ಸಿ.ಡಿ.ಯ ಫೈಲಿಗೆ 20,000 ಹರ್ಟ್ಜ್‌ನಲ್ಲಿ ಅವು 3 ಡೆಸಿಬಲ್ ಇಳಿಸುತ್ತವೆ. ಕೆಲವರಿಗೆ ಅದೇ ಮೆತ್ತಗೆ, ಹಿತವಾಗಿ ಅನ್ನಿಸುತ್ತದೆ. ಇಷ್ಟವಾದರೆ ಕೇಳಲಿ, ಅದರಲ್ಲಿ ತಪ್ಪೇನಿಲ್ಲ. ಇನ್ನು ಕಂಪ್ಯೂಟರಿಗೆ ಯು.ಎಸ್.ಬಿ. ತಂತಿ ಸಿಕ್ಕಿಸಿ ಮೌಸ್ ಆಡಿಸಿದಾಗಲೆಲ್ಲ ಸ್ಪೀಕರಿನಲ್ಲಿ ಚಿರಚಿರ ಅಂದರೆ ಅದು ಸಾಮಾನ್ಯವಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ತಂತಿಗಳು ಸುತ್ತು ಹಾಕಿಕೊಂಡು ಆಗುವ ತೊಂದರೆ. ಡ್ಯಾಕ್ ಬದಲಿಸಿದ ಮೇಲೂ ಅದು ಉಳಿಯಬಹುದು. ಮೊದಲು ವೈರಿಂಗ್ ನೋಡಿ.

ನನಗೆ ಬೇಸರವಾಗುವುದು ಒಂದೇ ವಿಷಯಕ್ಕೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡನ್ನು ಡ್ಯಾಕಿಗೆ ಸುರಿದವರ ಕೋಣೆಯಲ್ಲಿ ಸ್ಪೀಕರ್ ಮಾತ್ರ ಮೂಲೆಗೆ ಅಂಟಿಕೊಂಡು ಕೂತಿರುತ್ತದೆ. ಕೋಣೆಯ ಗೋಡೆಗಳೇ ಬೇಸನ್ನು ಒಂದು ಜಾಗದಲ್ಲಿ 10 ಡೆಸಿಬಲ್ ಎತ್ತಿ, ಇನ್ನೊಂದು ಜಾಗದಲ್ಲಿ ಅಷ್ಟೇ ಇಳಿಸುತ್ತವೆ. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದು, ಕೂರುವ ಕುರ್ಚಿಯನ್ನು ಚೂರು ಸರಿಸಿ ಕೇಳಿ. ಆ ವ್ಯತ್ಯಾಸ ಗೊತ್ತಾಗುವುದಕ್ಕೆ ಯಾವ ಪರೀಕ್ಷೆಯೂ ಬೇಡ.

ಡ್ಯಾಕ್ ಕೊಳ್ಳುವವರು ಕೊಳ್ಳಲಿ. ರಿಮೋಟ್ ಬೇಕು, ನಾಲ್ಕಾರು ಇನ್‌ಪುಟ್ ಬೇಕು, ಗಟ್ಟಿಮುಟ್ಟಾಗಿರಬೇಕು, ಇವೆಲ್ಲ ನ್ಯಾಯವಾದ ಕಾರಣಗಳೇ. ದನಿ ಬದಲಾಗಲಿ ಅಂತ ಕೊಳ್ಳುವವರು ಮಾತ್ರ ಹಳೆಯದನ್ನು ಮಾರುವ ಮೊದಲು ಮೀಟರ್ ಹಿಡಿದು ಆ 16 ಸಲ ಕೇಳಿ ನೋಡಿ. 12 ಸರಿ ಬಂದರೆ ವೋಲ್ಟೇಜನ್ನು ಇನ್ನೊಮ್ಮೆ ಅಳೆಯಿರಿ, ಮೇಲಿನ ಕಂಪನಗಳನ್ನು ಕತ್ತರಿಸುವ ಫಿಲ್ಟರಿನ ಸೆಟ್ಟಿಂಗ್ ಯಾವುದರಲ್ಲಿದೆ ನೋಡಿ, ಪೆಟ್ಟಿಗೆಯ ಓಮ್ ಎಷ್ಟು ಅಂತ ವಿವರ ಪಟ್ಟಿಯಲ್ಲಿ ಹುಡುಕಿ. ಕಾರಣ ಸಾಮಾನ್ಯವಾಗಿ ಅಲ್ಲೇ ಎಲ್ಲೋ ಸಿಗುತ್ತದೆ.

ನಮಸ್ಕಾರ.